ಮೂರಕ್ಕೂ ಒಂಬತ್ತಕ್ಕೂ ತಾಳೆ

1.25ಕ್ಕೆ 1.25 ಕೂಡಿಸಿದರೆ ಎಷ್ಟು? ಎರಡೂವರೆ ಎಂದವರು ಶಾಲೆಯಲ್ಲಿ ಪಾಸು, ತಾಲ್ಲೂಕು ಕಚೇರಿಯಲ್ಲಿ ಫೇಲು. ಪಹಣಿಯಲ್ಲಿ 1.25 ಎಂದರೆ ಒಂದು ಎಕರೆ ಇಪ್ಪತ್ತೈದು ಗುಂಟೆ. ನಲವತ್ತು ಗುಂಟೆಗೆ ಒಂದು ಎಕರೆ. ಹಾಗಾಗಿ ಅಂಥ ಎರಡು ತುಂಡು ಸೇರಿದರೆ ಮೂರು ಎಕರೆ ಹತ್ತು ಗುಂಟೆ. ‘2.50’ ಎಂಬ ವಿಸ್ತೀರ್ಣವೇ ಭೂದಾಖಲೆಯಲ್ಲಿ ಇರಲಾರದು. ಐವತ್ತು ಗುಂಟೆ ಎಂದು ಯಾವ ಶಾನುಭೋಗರೂ ಬರೆಯುತ್ತಿರಲಿಲ್ಲ. ಇದು ಪಾವಗಡದ ಕಡ್ಲೆಕಾಯಿ ಹೊಲದವರಿಗೆ ಬಾಯಿಪಾಠ. ಬೆಂಗಳೂರಿನಲ್ಲಿ ಕೂತು ಪ್ರೋಗ್ರಾಂ ಬರೆಯುವ ಹುಡುಗನಿಗೆ ಗೊತ್ತಿಲ್ಲದೆ ಹೋದರೆ ಅವನ ಕಂಪ್ಯೂಟರ್ ಎರಡನ್ನೂ ದಶಮಾಂಶವೆಂದೇ ಕೂಡಿಸಿ, ಎರಡೂವರೆ ಎಕರೆ ಎಂದು ಉತ್ತರ ಕೊಟ್ಟು ಸುಮ್ಮನಾಗುತ್ತದೆ. ಮೂವತ್ತು ಗುಂಟೆ, ಅಂದರೆ ಮುಕ್ಕಾಲು ಎಕರೆ, ಲೆಕ್ಕದಲ್ಲೇ ಮಾಯ. ಪರದೆಯ ಮೇಲೆ ಒಂದು ಎಚ್ಚರಿಕೆಯೂ ಬರುವುದಿಲ್ಲ, ಏಕೆಂದರೆ ಯಂತ್ರದ ಪ್ರಕಾರ ತಪ್ಪೇನೂ ಆಗಿಲ್ಲ.

ಇಂಥ ತಪ್ಪನ್ನು ಬಾಗಿಲಲ್ಲೇ ತಡೆಯುವ ಕೆಲಸಕ್ಕೆ ಸಾಫ್ಟ್‌ವೇರ್ ಮಂದಿ ವ್ಯಾಲಿಡೇಶನ್ ಎನ್ನುತ್ತಾರೆ. ಒಂದು ಅಂಕಿಯನ್ನು ಪರೀಕ್ಷಿಸುವುದು ಸುಲಭ. ಕಷ್ಟ ಶುರುವಾಗುವುದು ಅಂಕಿಗಳ ಸಾಲು ಬಂದಾಗ. ಆ ಸಾಲಿಗೆ ಅವರ ಮಾತಿನಲ್ಲಿ ಅರೇ ಎಂದು ಹೆಸರು. ಅದರಲ್ಲಿ ಯಾವ ಜಾತಿಯ ಮೌಲ್ಯ ಇರಬೇಕು, ಪೂರ್ಣಾಂಕವೋ, ಅಕ್ಷರವೋ, ದಿನಾಂಕವೋ ಎಂದು ಗೊತ್ತುಮಾಡಿದರೆ ಅದು ಟೈಪ್. ಇದಕ್ಕೆ ಉದಾಹರಣೆ ಹುಡುಕಿಕೊಂಡು ಕ್ಯಾಲಿಫೋರ್ನಿಯಾದವರೆಗೆ ಹೋಗಬೇಕಿಲ್ಲ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ಈ ನಾಲ್ಕು ತಾಲ್ಲೂಕುಗಳ ಯಾವುದೇ ಮನೆಯ ಕಬ್ಬಿಣದ ಪೆಟ್ಟಿಗೆ ತೆರೆದರೂ ಒಂದು ಅರೇ ಸಿಗುತ್ತದೆ. ಪಹಣಿಯ ಒಂಬತ್ತನೇ ಕಾಲಂ ನೋಡಿ: ಒಂದರ ಕೆಳಗೊಂದು ಹಕ್ಕುದಾರರ ಹೆಸರು, ಪ್ರತಿ ಹೆಸರಿನ ಮುಂದೆ ವಿಸ್ತೀರ್ಣ, ಖಾತಾ ಸಂಖ್ಯೆ. ಹೆಸರು ಅಕ್ಷರ, ಎಕರೆ ಪೂರ್ಣಾಂಕ, ಗುಂಟೆ ಪೂರ್ಣಾಂಕ, ಆಣೆಯೂ ಪೂರ್ಣಾಂಕ. ಒಬ್ಬನೇ ಹಕ್ಕುದಾರನಿದ್ದರೆ ಅರೇಯ ಉದ್ದ ಒಂದು. ನಾಲ್ಕು ತಲೆಮಾರಿನ ಪಾಲು ಬಿದ್ದಿದ್ದರೆ ಹದಿನೈದೋ ಇಪ್ಪತ್ತೋ.

ಹಿಂದೆ ಪ್ರೋಗ್ರಾಮರುಗಳು ಇಂಥ ಪ್ರತಿ ಕಾಲಂಗೂ ಕೈಯಾರೆ ‘ಹೀಗಿದ್ದರೆ ಹಾಗೆ’ ಎಂದು ಸಾಲುಸಾಲು ಷರತ್ತು ಬರೆಯುತ್ತಿದ್ದರು. ಒಬ್ಬರು ಬರೆದದ್ದು ಇನ್ನೊಬ್ಬರಿಗೆ ತಿಳಿಯುತ್ತಿರಲಿಲ್ಲ. ಈಗ ಅದಕ್ಕೆಂದೇ ಲೈಬ್ರರಿಗಳಿವೆ. ಪೈಥಾನ್ ಭಾಷೆಯವರಿಗೆ ಪೈಡ್ಯಾಂಟಿಕ್, ಟೈಪ್‌ಸ್ಕ್ರಿಪ್ಟ್ ಬಳಸುವವರಿಗೆ ಜಾಡ್, ಯಾವ ಭಾಷೆಗೂ ಅಂಟಿಕೊಳ್ಳದೆ ನಿಯಮಗಳನ್ನಷ್ಟೇ ಬರೆದಿಡಲು ಜೇಸನ್ ಸ್ಕೀಮಾ. ಸ್ಯಾಮ್ಯುಯೆಲ್ ಕಾಲ್ವಿನ್ ಅವರು 2017ರಲ್ಲಿ ಹೊರತಂದ ಪೈಡ್ಯಾಂಟಿಕ್‌ನ ಎರಡನೇ ಆವೃತ್ತಿ 2023ರಲ್ಲಿ ಬಂತು. ವೇಗಕ್ಕಾಗಿ ಅದರ ಒಳತಿರುಳನ್ನು ರಸ್ಟ್ ಭಾಷೆಯಲ್ಲಿ ಹೊಸದಾಗಿ ಬರೆದರು. ಇವೆಲ್ಲದರ ಕೆಲಸ ಒಂದೇ. ‘ಹಕ್ಕುದಾರ ಎಂದರೆ ಇಂತಿಂಥ ಅಂಶಗಳಿರುವ ದಾಖಲೆ, ಒಂಬತ್ತನೇ ಕಾಲಂ ಎಂದರೆ ಹಕ್ಕುದಾರರ ಪಟ್ಟಿ, ಪಟ್ಟಿಯಲ್ಲಿ ಕನಿಷ್ಠ ಒಬ್ಬರಾದರೂ ಇರಬೇಕು’ ಎಂದು ನೀವು ಒಮ್ಮೆ ಘೋಷಿಸಿದರೆ ಸಾಕು, ಒಳಗೆ ಬರುವ ಪ್ರತಿ ಪಟ್ಟಿಯನ್ನೂ ಲೈಬ್ರರಿ ಅದಕ್ಕೆ ಹಿಡಿದು ನೋಡುತ್ತದೆ.

ಟೈಪ್ ನೋಡುವುದೇನು ಮಹಾ ಎನಿಸಬಹುದು. ಸರ್ವೆ ನಂಬರನ್ನೇ ತೆಗೆದುಕೊಳ್ಳಿ. ಹೆಸರಿನಲ್ಲೇ ನಂಬರ್ ಇದೆಯೆಂದು ಅದನ್ನು ಸಂಖ್ಯೆ ಎಂದುಕೊಂಡರೆ ಕೆಟ್ಟಿರಿ. 12/3 ಎಂಬುದು ಹನ್ನೆರಡನೇ ಸರ್ವೆ ನಂಬರಿನ ಮೂರನೇ ಹಿಸ್ಸಾ. ಅದನ್ನು ಎಕ್ಸೆಲ್ ಹಾಳೆಯಲ್ಲಿ ಟೈಪಿಸಿ ಎಂಟರ್ ಒತ್ತಿದರೆ ಅದು ದಿನಾಂಕವಾಗಿ ಕೂತಿರುತ್ತದೆ. ಇದು ನಮ್ಮ ಕಂದಾಯ ಇಲಾಖೆಯ ಗೋಳು ಮಾತ್ರವಲ್ಲ. ಮನುಷ್ಯನ ಜೀನುಗಳಿಗೆ ಹೆಸರಿಡುವ ಅಂತರರಾಷ್ಟ್ರೀಯ ಸಮಿತಿ, ‘ಮಾರ್ಚ್1’, ‘ಸೆಪ್ಟ್1’ ಎಂಬ ಹೆಸರುಗಳನ್ನು ಎಕ್ಸೆಲ್ ದಿನಾಂಕ ಮಾಡಿಬಿಡುತ್ತದೆಂದು ಬೇಸತ್ತು ಜೀನುಗಳ ಹೆಸರನ್ನೇ ಬದಲಿಸಿತು. 2020ರಲ್ಲಿ ಅದರ ಮಾರ್ಗಸೂಚಿ ಪ್ರಕಟವಾಯಿತು. ಜೀನಿನ ಹೆಸರು ಬದಲಿಸಬಹುದು, ಹೊಲದ ನಂಬರ್ ಬದಲಿಸಲಾದೀತೆ? ರಾಜ್ಯದ ಭೂದಾಖಲೆಗಳ ‘ಭೂಮಿ’ ತಂತ್ರಾಂಶದಲ್ಲಿ ಪಹಣಿ ಹುಡುಕುವಾಗ ಸರ್ವೆ ನಂಬರು, ಸರ್ನಾಕ್, ಹಿಸ್ಸಾ ಎಂದು ಬೇರೆಬೇರೆ ಕೇಳುವುದು ಈ ಕಾರಣಕ್ಕೂ ಅನುಕೂಲವೇ. ಆ ಸರ್ನಾಕ್ ಎಂಬಲ್ಲಿ ಬಹಳ ಪಹಣಿಗಳಿಗೆ ಒಂದು ನಕ್ಷತ್ರ ಚಿಹ್ನೆ ಇರುತ್ತದೆ. ಬೇರೆ ವಿಭಾಗವೇನೂ ಇಲ್ಲ ಎಂದು ಹೇಳುವ ಗುರುತು ಅದು. ಅಕ್ಷರ ಮಾತ್ರ ಬರಬೇಕೆಂದು ನಿಯಮ ಬರೆದ ಹೊಸಬನ ವ್ಯಾಲಿಡೇಟರ್ ಆ ನಕ್ಷತ್ರವನ್ನು ಕಸವೆಂದು ತಳ್ಳಿದರೆ ಊರಿಗೆ ಊರೇ ತಿರಸ್ಕೃತ.

ಆಧಾರ್ ಸಂಖ್ಯೆಗೂ ಇದೇ ಮಾತು. ಹನ್ನೆರಡು ಅಂಕಿ ಇದೆಯೆಂದು 32 ಬಿಟ್‌ನ ಪೂರ್ಣಾಂಕ ಅರೇಯಲ್ಲಿ ಇಡಹೋದರೆ ಹಿಡಿಸುವುದಿಲ್ಲ. ಅದರ ಮಿತಿ 214 ಕೋಟಿ ಚಿಲ್ಲರೆ. ಮೊಬೈಲ್ ನಂಬರೇ ಅದಕ್ಕೆ ದೊಡ್ಡದು. ಯಾರೂ ಆಧಾರ್ ಸಂಖ್ಯೆಗಳನ್ನು ಕೂಡಿ ಕಳೆಯುವುದಿಲ್ಲವಾದ್ದರಿಂದ ಅದನ್ನು ಅಕ್ಷರವಾಗಿ ಇಡುವುದೇ ಸರಿ. ಪೈಥಾನ್‌ನ ನಂಪೈಯಂಥ ಲೆಕ್ಕದ ಲೈಬ್ರರಿಯಲ್ಲಿ ಇನ್ನೊಂದು ತಮಾಷೆಯಿದೆ. ಅಲ್ಲಿನ ಅರೇಯಲ್ಲಿ ಎಲ್ಲರೂ ಒಂದೇ ಜಾತಿಯವರಾಗಿರಬೇಕು. ನೂರು ಗುಂಟೆಗಳ ನಡುವೆ ಯಾರೋ ಒಬ್ಬರು ‘ಇಲ್ಲ’ ಎಂದು ಬರೆದಿದ್ದರೆ ಮಿಕ್ಕ ತೊಂಬತ್ತೊಂಬತ್ತೂ ಅಕ್ಷರವಾಗಿ ಬದಲಾಗುತ್ತವೆ. ಒಬ್ಬನ ಸಹವಾಸಕ್ಕೆ ಊರೆಲ್ಲ ಜಾತಿ ಕೆಟ್ಟಂತೆ.

ಟೈಪ್ ಆದ ಮೇಲೆ ಮಿತಿ. ಎಕರೆ ಎಷ್ಟಾದರೂ ಇರಲಿ, ಗುಂಟೆ 0ಯಿಂದ 39ರೊಳಗೆ, ಆಣೆ 0ಯಿಂದ 15ರೊಳಗೆ. ಇದರ ಹಿಂದೆ ಮೋಜಣಿ ಸರಪಳಿಯ ಗಣಿತವಿದೆ. 33 ಅಡಿ ಉದ್ದ, 33 ಅಡಿ ಅಗಲದ ಚೌಕ ಒಂದು ಗುಂಟೆ, 1,089 ಚದರಡಿ. ಅಂಥ ನಲವತ್ತು ಸೇರಿದರೆ 43,560 ಚದರಡಿಯ ಎಕರೆ. ಗುಂಟೆಯ ಹದಿನಾರನೇ ಒಂದು ಪಾಲು ಆಣೆ. ಬುದ್ಧಿವಂತ ಪ್ರೋಗ್ರಾಮರ್ ಇದನ್ನೆಲ್ಲ ಚುಕ್ಕಿ ಹಾಕಿದ ಒಂದೇ ಅಂಕಿಯಾಗಿ ಇಡುವುದೇ ಇಲ್ಲ. ಒಳಗೆ ಬಂದ ಕೂಡಲೇ ಎಲ್ಲವನ್ನೂ ಆಣೆಗೆ ಇಳಿಸುತ್ತಾನೆ: ಎಕರೆಗೆ 640 ಆಣೆ. ಆಮೇಲೆ ಕೂಡು, ಕಳೆ, ಹೋಲಿಸು ಎಲ್ಲವೂ ಪೂರ್ಣಾಂಕದಲ್ಲೇ. ತೋರಿಸುವಾಗ ಮಾತ್ರ ಮತ್ತೆ ಎಕರೆ-ಗುಂಟೆ-ಆಣೆ. ದಶಮಾಂಶವಾಗಿ ಇಟ್ಟರೆ 1.10 ಎಂಬುದು 1.1 ಆಗಿ ಹತ್ತು ಗುಂಟೆಯೋ ಒಂದು ಗುಂಟೆಯೋ ತಿಳಿಯದೆ ಹೋಗುತ್ತದೆ. ಅಷ್ಟೂ ಸಾಲದೆಂಬಂತೆ, ಕಂಪ್ಯೂಟರಿನ ದಶಮಾಂಶದಲ್ಲಿ 0.1ಕ್ಕೆ 0.2 ಕೂಡಿಸಿದರೆ ಸರಿಯಾಗಿ 0.3 ಕೂಡ ಬರುವುದಿಲ್ಲ.

ಆಧಾರ್‌ಗೆ ತಪ್ಪು ಹಿಡಿಯುವ ಪರೀಕ್ಷೆ ಅದರೊಳಗೇ ಇದೆ. ಕೊನೆಯ ಅಂಕಿ ಮಿಕ್ಕ ಹನ್ನೊಂದರಿಂದ ಲೆಕ್ಕ ಹಾಕಿ ಬರೆದದ್ದು. ನೆದರ್‌ಲೆಂಡ್ಸ್‌ನ ಗಣಿತಜ್ಞ ಯಾಕೋಬಸ್ ವರ್ಹೂಫ್ 1969ರಲ್ಲಿ ಕೊಟ್ಟ ಉಪಾಯ. ಯಾವುದೇ ಒಂದು ಅಂಕಿ ತಪ್ಪಾದರೂ, ಅಕ್ಕಪಕ್ಕದ ಎರಡು ಅಂಕಿ ಅದಲುಬದಲಾದರೂ ಸಿಕ್ಕಿಬೀಳುತ್ತದೆ. ಪಹಣಿಗೆ ಆಧಾರ್ ಜೋಡಿಸುವ ಕೆಲಸದಲ್ಲಿ ಹೊಲದ ಬದುವಿನ ಮೇಲೆ ನಿಂತು ನಂಬರ್ ಒತ್ತುವ ಗ್ರಾಮ ಆಡಳಿತ ಅಧಿಕಾರಿಯ ಕೈ ಜಾರಿದರೆ ಹಿಡಿಯುವುದಕ್ಕೆ ಇದು ಸಾಕು. ಒಪ್ಪಾದ ನಂಬರ್ ಅಣ್ಣನದೋ ತಮ್ಮನದೋ ಎಂಬುದನ್ನು ಅದು ಹೇಳಲಾರದು.

ಈಗ ವಿಷಯದ ಬುಡಕ್ಕೆ ಬಂದೆವು. ಒಂಬತ್ತನೇ ಕಾಲಂನ ಪ್ರತಿ ಹೆಸರೂ ಸರಿ, ಪ್ರತಿ ಗುಂಟೆಯೂ ನಲವತ್ತರೊಳಗೆ ಇದೆ. ಆದರೂ ಪಟ್ಟಿ ತಪ್ಪಿರಬಹುದು. ಪಹಣಿಯ ಮೂರನೇ ಕಾಲಂನಲ್ಲಿ ಆ ಸರ್ವೆ ನಂಬರಿನ ಒಟ್ಟು ವಿಸ್ತೀರ್ಣ, ಅದರಲ್ಲಿ ಸಾಗುವಳಿಗೆ ಬಾರದ ಖರಾಬು ಎಷ್ಟು, ಕಳೆದು ಉಳಿದದ್ದು ಎಷ್ಟು ಎಂದಿರುತ್ತದೆ. ಒಂಬತ್ತರ ಹಕ್ಕುದಾರರ ಪಾಲೆಲ್ಲ ಕೂಡಿದರೆ ಅದಕ್ಕೆ ಸಮ ಬರಬೇಕು. ಬಾರದಿದ್ದರೆ? ನಾಡಕಚೇರಿಯ ಕಿಟಕಿಯಲ್ಲಿ ಈ ಮಾತು ಕೇಳದ ರೈತ ಕಡಿಮೆ: ‘ಯಜಮಾನ್ರೆ, ನಿಮ್ದು ಮೂರಕ್ಕೂ ಒಂಬತ್ತಕ್ಕೂ ತಾಳೆ ಆಗ್ತಿಲ್ಲ.’ ನಾಲ್ಕು ಎಕರೆಯ ಸರ್ವೆ ನಂಬರಿನಲ್ಲಿ ಹಕ್ಕುದಾರರ ಪಾಲು ಕೂಡಿದರೆ ನಾಲ್ಕು ಎಕರೆ ಆರು ಗುಂಟೆ. ಆ ಆರು ಗುಂಟೆ ಭೂಮಿಯ ಮೇಲಿಲ್ಲ, ಕಾಗದದ ಮೇಲಿದೆ. ಯಾರ ಪಾಲಿನಿಂದ ಕಡಿಯಬೇಕು?

ಇಲ್ಲಿಯೇ ವ್ಯಾಲಿಡೇಶನ್‌ಗೆ ಎರಡು ಮೆಟ್ಟಿಲು. ಮೊದಲನೆಯದು ಅರೇಯ ಒಂದೊಂದು ಅಂಶವನ್ನು ನೋಡುವುದು. ಲೈಬ್ರರಿ ಇದನ್ನು ಪುಕ್ಕಟೆ ಮಾಡಿಕೊಡುತ್ತದೆ. ಎರಡನೆಯದು ಇಡೀ ಅರೇಯನ್ನು, ಅದರ ಹೊರಗಿನ ಇನ್ನೊಂದು ಅಂಕಿಯೊಡನೆ ಇಟ್ಟು ನೋಡುವುದು. ಇದನ್ನು ನೀವೇ ಬರೆಯಬೇಕು, ಏಕೆಂದರೆ ಮೂರಕ್ಕೂ ಒಂಬತ್ತಕ್ಕೂ ಸಂಬಂಧವಿದೆ ಎಂಬುದು ಯಾವ ಲೈಬ್ರರಿಗೂ ಗೊತ್ತಿಲ್ಲ, ಶೇಕ್‌ದಾರರಿಗೆ ಗೊತ್ತು. ಸಾಫ್ಟ್‌ವೇರ್ ಕಂಪನಿಗಳಲ್ಲಿ ಮೊದಲ ಮೆಟ್ಟಿಲಿನ ಬಗ್ಗೆ ತರಬೇತಿ ಕೊಡುತ್ತಾರೆ, ಪುಸ್ತಕ ಬರೆಯುತ್ತಾರೆ. ನನ್ನ ಮಟ್ಟಿಗೆ ಜನರನ್ನು ಅಲೆಸುವ ತಪ್ಪುಗಳಲ್ಲಿ ಹೆಚ್ಚಿನವು ಎರಡನೇ ಮೆಟ್ಟಿಲಿನಲ್ಲೇ ಇವೆ.

ಕರ್ನಾಟಕದಲ್ಲಿ ಇದು ಹೇಗಾಯಿತು ಎಂಬುದಕ್ಕೆ ಸ್ವಲ್ಪ ಹಿಂದೆ ಹೋಗಬೇಕು. ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಅವರ ನೇತೃತ್ವದಲ್ಲಿ, ಕೇಂದ್ರ ಸರ್ಕಾರದ ಎನ್‌ಐಸಿ ಬರೆದ ತಂತ್ರಾಂಶದಲ್ಲಿ, 2000ದ ಆಸುಪಾಸಿನ ವರ್ಷಗಳಲ್ಲಿ ಭೂಮಿ ಯೋಜನೆ ತಾಲ್ಲೂಕಿನಿಂದ ತಾಲ್ಲೂಕಿಗೆ ಹಬ್ಬಿತು. ಸುಮಾರು ಒಂಬತ್ತು ಸಾವಿರ ಗ್ರಾಮ ಲೆಕ್ಕಿಗರ ಕೈಬರಹದಲ್ಲಿದ್ದ, ಸುಮಾರು 67 ಲಕ್ಷ ಹಿಡುವಳಿದಾರರ ಸುಮಾರು ಎರಡು ಕೋಟಿ ಪಹಣಿಗಳು ಕಂಪ್ಯೂಟರಿಗೆ ಏರಿದವು. ಆಗ ಕಿಯಾಸ್ಕ್‌ನಲ್ಲಿ 15 ರೂಪಾಯಿ ಕೊಟ್ಟರೆ ಅಚ್ಚಾದ ಪಹಣಿ ಕೈಗೆ ಬರುತ್ತಿತ್ತು. ಅಷ್ಟು ದೊಡ್ಡ ಕೆಲಸದಲ್ಲಿ ಪುಸ್ತಕದಲ್ಲಿದ್ದದ್ದನ್ನು ಇದ್ದಂತೆ ಏರಿಸುವುದೇ ದಾರಿ. ಎಲ್ಲ ತಾಳೆಯಾದ ಮೇಲೆಯೇ ಏರಿಸುತ್ತೇವೆ ಎಂದು ಹಟ ಹಿಡಿದಿದ್ದರೆ ಇವತ್ತಿಗೂ ಮುಗಿಯುತ್ತಿರಲಿಲ್ಲ. ಆದ್ದರಿಂದ ಹಳೇ ಪುಸ್ತಕದ ಹೊಂದಾಣಿಕೆಯಾಗದ ಲೆಕ್ಕಗಳು ಲಕ್ಷಣವಾಗಿ ಅಚ್ಚಾಗಿ ಬಂದವು. ಕೈಬರಹದಲ್ಲಿ ಯಾರೂ ಕೂಡಿ ನೋಡದಿದ್ದದ್ದನ್ನು ಯಂತ್ರ ಕ್ಷಣದಲ್ಲಿ ಕೂಡಿ ತೋರಿಸತೊಡಗಿತು. ತಪ್ಪು ಹೊಸದಲ್ಲ, ಕಾಣಿಸಿದ್ದು ಹೊಸದು. ಆಮೇಲೆ ಸರ್ಕಾರ ಕಂದಾಯ ಅದಾಲತ್‌ಗಳನ್ನು ನಡೆಸಿ ಪಹಣಿ ತಿದ್ದುಪಡಿಗೆ ಕೂತದ್ದು, ಅವುಗಳಲ್ಲಿ ಮೂರು-ಒಂಬತ್ತರ ವ್ಯತ್ಯಾಸಕ್ಕೇ ದೊಡ್ಡ ಸ್ಥಾನವಿದ್ದದ್ದು ಇದರ ಮುಂದುವರಿಕೆ.

ಕೂಡುವುದೂ ಅಂದುಕೊಂಡಷ್ಟು ಸರಳವಲ್ಲ. ಜಂಟಿ ಖಾತೆ ಬಂದರೆ ನಾಲ್ಕು ಹೆಸರಿಗೆ ಒಂದೇ ವಿಸ್ತೀರ್ಣ. ಪ್ರತಿ ಹೆಸರಿನ ಮುಂದೆಯೂ ಅದೇ ಎರಡು ಎಕರೆ ಎಂದು ಓದಿಕೊಂಡು ಕೂಡಿದರೆ ಎಂಟು ಎಕರೆ. ಮೊದಲ ಹೆಸರಿಗೆ ಮಾತ್ರ ಎಂದು ಓದಿ ಮಿಕ್ಕ ಮೂವರಿಗೆ ಸೊನ್ನೆ ಹಾಕಿದರೆ ಮೊತ್ತ ಸರಿ, ಹಕ್ಕು ತಪ್ಪು. ಸೊನ್ನೆ ಮತ್ತು ಖಾಲಿ ಒಂದೇ ಅಲ್ಲ. ಮಧುಗಿರಿ ಶೈಕ್ಷಣಿಕ ಜಿಲ್ಲೆಯ ಯಾವ ಮೇಷ್ಟ್ರನ್ನು ಕೇಳಿದರೂ ಹೇಳುತ್ತಾರೆ, ಗೈರುಹಾಜರಾದ ಹುಡುಗಿಗೆ ಸೊನ್ನೆ ಅಂಕ ಬರೆಯಬಾರದು.

ಮಳೆಯ ಲೆಕ್ಕದಲ್ಲಿ ಇದು ಇನ್ನೂ ಸೂಕ್ಷ್ಮ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಪ್ರತಿ ಗ್ರಾಮ ಪಂಚಾಯಿತಿಯ ಮಟ್ಟಕ್ಕೂ ಸೌರಶಕ್ತಿಯ ಮಳೆಮಾಪಕ ತಂದಿದೆ. ಅವು ಹದಿನೈದು ನಿಮಿಷಕ್ಕೊಮ್ಮೆ ಅಂಕಿ ಕಳಿಸುತ್ತವೆ. ದಿನಕ್ಕೆ 96 ಅಂಕಿಗಳ ಅರೇ. ಪಾವಗಡದ ಕಡೆ ಜುಲೈಯಲ್ಲಿ ಆ 96 ಅಂಕಿಗಳೂ ಸೊನ್ನೆಯಾಗಿದ್ದರೆ ಅದರಲ್ಲಿ ಅಸಹಜವೇನಿಲ್ಲ. ಮಾಪಕದ ಬಾಯಿಗೆ ಎಲೆ ಕೂತು ಮುಚ್ಚಿದ್ದರೂ ಬರುವುದು ಸೊನ್ನೆಯೇ. ಪ್ರತಿ ಸೊನ್ನೆಯೂ ಸರಿಯಾದ ಟೈಪ್, ಸರಿಯಾದ ಮಿತಿ. ಪಕ್ಕದ ಪಂಚಾಯಿತಿಗಳಲ್ಲಿ ಆವತ್ತು ಮಳೆ ಬಿತ್ತೇ ಎಂದು ನೋಡದೆ ತೀರ್ಮಾನ ಸಾಧ್ಯವಿಲ್ಲ. ಹಾಗೆ ನೋಡಿದರೂ, ರಸ್ತೆಯ ಈಚೆ ಹುಯ್ದು ಆಚೆ ಹುಯ್ಯದ ಮಳೆಯನ್ನು ಶಿರಾದವರು ಕಾಣದವರಲ್ಲ. ಹವಾಮಾನ ಆಧಾರಿತ ಬೆಳೆವಿಮೆಯಲ್ಲಿ ಅಡಿಕೆ, ದಾಳಿಂಬೆಯಂಥ ಬೆಳೆಗೆ ಹಣ ಬರುವುದೋ ಇಲ್ಲವೋ ಎಂಬುದು ಇಂಥ ಅಂಕಿಗಳ ಮೇಲೇ ನಿಂತಿದೆ.

ಲೈಬ್ರರಿ ಬರೆಯುವವರ ನಡುವೆ ಹಳೆಯ ಜಗಳವೊಂದಿದೆ: ಉದಾರವಾಗಿರಬೇಕೋ ಕಟ್ಟುನಿಟ್ಟಾಗಿರಬೇಕೋ. ಗುಂಟೆ ಎಂಬಲ್ಲಿ 25 ಎಂಬ ಸಂಖ್ಯೆಯ ಬದಲು ‘25’ ಎಂಬ ಅಕ್ಷರ ಬಂದರೆ ಪೈಡ್ಯಾಂಟಿಕ್ ಮಾಮೂಲಾಗಿ ಅದನ್ನು ಸಂಖ್ಯೆಯಾಗಿಸಿ ಒಳಗೆ ಬಿಡುತ್ತದೆ. ‘ನಿಜ’ ಎಂಬ ತಾರ್ಕಿಕ ಮೌಲ್ಯ ಬಂದರೂ 1 ಎಂದು ಓದಿಕೊಳ್ಳುತ್ತದೆ. ಬೇಡವೆಂದರೆ ಸ್ಟ್ರಿಕ್ಟ್ ಎಂಬ ಕೀಲಿ ತಿರುಗಿಸಬೇಕು. ಮೊದಲ ಆವೃತ್ತಿಯಲ್ಲಿ ಅಕ್ಷರ ಬೇಕಾದಲ್ಲಿ ಸಂಖ್ಯೆ ಬಂದರೂ ಸದ್ದಿಲ್ಲದೆ ಅಕ್ಷರವಾಗಿಸುತ್ತಿತ್ತು. ಎರಡನೆಯದರಲ್ಲಿ ಆ ಧಾರಾಳತನ ನಿಂತಿತು. ನನಗೆ ಇದರಲ್ಲಿ ಒಂದು ಪಕ್ಷವಿದೆ. ಹೊಲ-ಹಣದ ಲೆಕ್ಕದಲ್ಲಿ ಕಟ್ಟುನಿಟ್ಟೇ ಸರಿ. ಯಂತ್ರ ‘ನೀವು ಹೇಳಿದ್ದು ಹೀಗಿರಬೇಕು’ ಎಂದು ಊಹಿಸಿದ ಕಡೆಯೆಲ್ಲ ಆ ಊಹೆಗೆ ಸಹಿ ಮಾಡಿದವರು ಯಾರೂ ಇರುವುದಿಲ್ಲ.

ಆದರೆ ಕಟ್ಟುನಿಟ್ಟೆಂದರೆ ಜರಡಿ ಹಿಡಿದಂತೆ ಅಲ್ಲ. ಜರಡಿ ರಾಗಿ ಉಳಿಸಿಕೊಂಡು ಮಣ್ಣನ್ನು ಸುಮ್ಮನೆ ಕೆಳಗೆ ಬಿಡುತ್ತದೆ. ಬಿದ್ದದ್ದೇನು ಎಂದು ಹೇಳುವುದಿಲ್ಲ. ವ್ಯಾಲಿಡೇಟರ್ ಹೇಳಬೇಕು. ಯಾವ ಪಟ್ಟಿಯ ಎಷ್ಟನೇ ಹೆಸರಿನ ಯಾವ ಅಂಶ, ಏನಿರಬೇಕಿತ್ತು, ಏನಿದೆ. ಪೈಡ್ಯಾಂಟಿಕ್, ಜಾಡ್ ಎರಡೂ ತಪ್ಪಿನ ವಿಳಾಸವನ್ನೇ ಕೊಡುತ್ತವೆ: ಹಕ್ಕುದಾರರು, 2, ಗುಂಟೆ. ಪ್ರೋಗ್ರಾಮರುಗಳು ಸೊನ್ನೆಯಿಂದ ಎಣಿಸುವವರು. ಆ 2 ಎಂದರೆ ಮೂರನೇ ಹೆಸರು. ಈ ವಿಳಾಸವನ್ನು ಹಾಗೇ ಪರದೆಗೆ ಬಿಟ್ಟರೆ ಗುಮಾಸ್ತ ಎರಡನೆಯವನ ಪಾಲನ್ನು ತಿದ್ದುತ್ತಾನೆ.

ಇನ್ನೊಂದು ಆಯ್ಕೆ ಜನರಿಗೆ ನೇರ ತಟ್ಟುವಂಥದ್ದು. ಮೊದಲ ತಪ್ಪು ಸಿಕ್ಕ ಕೂಡಲೇ ನಿಲ್ಲುವುದೋ, ಎಲ್ಲ ತಪ್ಪುಗಳನ್ನು ಕೂಡಿಸಿ ಒಟ್ಟಿಗೆ ಹೇಳುವುದೋ. ಮೊದಲನೆಯದು ಬರೆಯಲು ಸುಲಭ, ಯಂತ್ರಕ್ಕೂ ವೇಗ. ಕೊರಟಗೆರೆಯ ಹಳ್ಳಿಯಿಂದ ಬಸ್ಸು ಹಿಡಿದು ಬಂದವರಿಗೆ ಮಾತ್ರ ಅದು ಒಂದು ದಿನದ ಕೂಲಿ. ಇವತ್ತು ಹೆಸರಿನ ಅಕ್ಷರ ತಪ್ಪು, ಮುಂದಿನ ವಾರ ಹಿಸ್ಸಾ ನಂಬರ್ ಇಲ್ಲ, ಅದರ ಮುಂದಿನ ವಾರ ವಿಸ್ತೀರ್ಣದ ತಾಳೆ ಇಲ್ಲ. ‘ಒಂದ್ಸಲಕ್ಕೇ ಎಲ್ಲಾ ಹೇಳ್ಬಾರ್ದಾ ಸ್ವಾಮಿ’ ಎಂದು ಅಜ್ಜಿಯೊಬ್ಬರು ಕೇಳಿದರೆ ಅದಕ್ಕಿಂತ ಒಳ್ಳೆಯ ತಾಂತ್ರಿಕ ಸಲಹೆ ಇಲ್ಲ. ಪೈಡ್ಯಾಂಟಿಕ್ ಅಂಶಗಳ ತಪ್ಪುಗಳನ್ನೇನೋ ಒಟ್ಟಿಗೇ ಹೇಳುತ್ತದೆ. ಆದರೆ ಒಂದು ಅಂಶ ಬಿದ್ದರೂ ಇಡೀ ದಾಖಲೆಯ ಮೇಲಿನ ಮೊತ್ತದ ಪರೀಕ್ಷೆಯನ್ನು ಓಡಿಸುವುದೇ ಇಲ್ಲ, ಏಕೆಂದರೆ ಕೂಡಲು ನಂಬಬಹುದಾದ ಅಂಕಿಗಳೇ ಇನ್ನೂ ಸಿಕ್ಕಿಲ್ಲ. ಅಲ್ಲಿಗೆ ಅಜ್ಜಿಗೆ ಎರಡು ಸಲವಂತೂ ಖಾಯಂ. ಇದನ್ನು ಮೊದಲೇ ತಿಳಿದಿರುವ ಕಚೇರಿ, ‘ಅಕ್ಷರದ ತಪ್ಪು ಸರಿಮಾಡಿದ ಮೇಲೆ ತಾಳೆಯನ್ನೂ ನೋಡಬೇಕಾಗುತ್ತೆ, ಸರ್ವೆಯವರ ಅಳತೆ ದಾಖಲೆ ಆಕಾರ್‌ಬಂದ್‌ನ ಪ್ರತಿಯನ್ನೂ ತನ್ನಿ’ ಎಂದು ಆವತ್ತೇ ಹೇಳಿ ಕಳಿಸಬಹುದು.

ಗುಂಟೆಗೆ ಇಷ್ಟೆಲ್ಲ ಏಕೆ ಎನ್ನುವವರು ಪಾವಗಡದ ನಾಗಲಮಡಿಕೆ ಹೋಬಳಿಗೆ ಹೋಗಬೇಕು. ತಿರುಮಣಿ, ಬಳಸಮುದ್ರ, ಕ್ಯಾತಗಾನಚೆರ್ಲು, ವಳ್ಳೂರು, ರಾಯಚೆರ್ಲು ಗ್ರಾಮಗಳ ಸುಮಾರು 13 ಸಾವಿರ ಎಕರೆಯಲ್ಲಿ 2,050 ಮೆಗಾವಾಟ್‌ನ ಸೋಲಾರ್ ಪಾರ್ಕ್ ಇದೆ. ಇಲ್ಲಿ ಸರ್ಕಾರ ಜಮೀನನ್ನು ಕೊಳ್ಳಲಿಲ್ಲ, ಗುತ್ತಿಗೆಗೆ ತೆಗೆದುಕೊಂಡಿತು. ಎಕರೆಗೆ ವರ್ಷಕ್ಕೆ 21 ಸಾವಿರ ರೂಪಾಯಿಯಿಂದ ಶುರು, ಎರಡು ವರ್ಷಕ್ಕೊಮ್ಮೆ ಶೇ 5 ಏರಿಕೆ. ಅಂದರೆ ಆರಂಭದ ದರದಲ್ಲೇ ಗುಂಟೆಯೊಂದಕ್ಕೆ ವರ್ಷಕ್ಕೆ 525 ರೂಪಾಯಿ. ಮೇಲೆ ಹೇಳಿದ ಆ ಆರು ಗುಂಟೆಯ ಕಾಗದದ ಭೂಮಿಗೆ ವರ್ಷಕ್ಕೆ 3,150. ಬಾಡಿಗೆ ಯಾರಿಗೆ ಎಂದು ಹೇಳುವುದು ಪಹಣಿ. ಆ ಹೆಸರು, ಆ ಪಾಲು ಇದ್ದಷ್ಟೇ ದುಡ್ಡು. ಬೀಳು ಬಿಟ್ಟಿದ್ದ ಹೊಲದ ತಾಳೆಯನ್ನು ಮೂವತ್ತು ವರ್ಷ ಕೇಳದಿದ್ದವರೂ ಗುತ್ತಿಗೆ ಬಂದಾಗ ಕೇಳಲೇಬೇಕಾಯಿತು.

ಹಣ ಸೇರುವ ದಾರಿಯಲ್ಲೂ ರೂಪ ಸರಿಯಿದ್ದು ಅರ್ಥ ಸತ್ತ ಮೌಲ್ಯಗಳು ಸಿಗುತ್ತವೆ. ಬ್ಯಾಂಕಿನ ಐಎಫ್‌ಎಸ್‌ಸಿ ಕೋಡ್ ಹನ್ನೊಂದು ಅಕ್ಷರ: ಮೊದಲ ನಾಲ್ಕು ಬ್ಯಾಂಕಿನದು, ಐದನೆಯದು ಸೊನ್ನೆ, ಮಿಕ್ಕ ಆರು ಶಾಖೆಯದು. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರ ಏಪ್ರಿಲ್ 1ರಂದು ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾದಲ್ಲಿ ಸೇರಿಹೋಯಿತು. ಹಳೇ ಪಾಸ್‌ಬುಕ್ಕಿನಲ್ಲಿರುವ ‘ಎಸ್‌ಬಿಎಂವೈ’ ಎಂದು ಶುರುವಾಗುವ ಕೋಡು ರೂಪದ ಪರೀಕ್ಷೆಯಲ್ಲಿ ಇವತ್ತಿಗೂ ಪಾಸು. ಅದನ್ನು ಹಿಡಿಯಲು ಈಗಿನ ಕೋಡುಗಳ ಪಟ್ಟಿಯೊಂದಿಗೆ ಹೋಲಿಸಿ ನೋಡಬೇಕು. ಪಹಣಿಗೆ ಅಂಥ ಹೊರಗಿನ ಸಾಕ್ಷಿ ಸರ್ವೆ ಇಲಾಖೆಯ ಆಕಾರ್‌ಬಂದ್. ಹೊಲದ ಭಾಗವನ್ನು ಮಾರುವ ಮೊದಲೇ 11ಇ ನಕ್ಷೆ ಬೇಕೆನ್ನುವ ಕಟ್ಟಳೆಯೂ ಇದೇ ಯೋಚನೆಯದು: ತಪ್ಪು ಒಳಗೆ ಬಂದ ಮೇಲೆ ಹುಡುಕುವ ಬದಲು ಅಳತೆಯಾಗಿ, ತುಂಡುಗಳ ಮೊತ್ತ ಮೂಲಕ್ಕೆ ಸಮ ಎಂದಾದ ಮೇಲೆಯೇ ನೋಂದಣಿ.

ಇಷ್ಟು ಮಾಡಿಯೂ ಒಂದು ಜಾತಿಯ ತಪ್ಪು ಯಾವ ಲೈಬ್ರರಿಗೂ ಕಾಣುವುದಿಲ್ಲ. ಅದು ಪಟ್ಟಿಯಲ್ಲಿ ಇರಬೇಕಾಗಿದ್ದು ಇಲ್ಲದ ಹೆಸರು. ಇರುವ ಅಂಶವನ್ನು ಪರೀಕ್ಷಿಸಬಹುದು, ಬಾರದೆ ಉಳಿದ ಅಂಶವನ್ನು ಎಲ್ಲಿಂದ ಪರೀಕ್ಷಿಸುವುದು? ತಾತ ತೀರಿಹೋಗಿ ಪಹಣಿ ಅವರ ಹೆಸರಿನಲ್ಲೇ ಉಳಿದಿರುವ ಕಡೆ ಪೌತಿ ಖಾತೆಗೆ ಮರಣ ಪ್ರಮಾಣಪತ್ರದ ಜತೆ ವಂಶವೃಕ್ಷ ಕೊಡಬೇಕು. ವಂಶವೃಕ್ಷವೂ ಒಂದು ಅರೇಯೇ. ಮೂವರು ಗಂಡುಮಕ್ಕಳ ಹೆಸರು ಬರೆದು, ಶಿರಾಕ್ಕೆ ಒಬ್ಬಳನ್ನು, ಮಡಕಶಿರಾಕ್ಕೆ ಒಬ್ಬಳನ್ನು ಮದುವೆ ಮಾಡಿಕೊಟ್ಟ ಹೆಣ್ಣುಮಕ್ಕಳನ್ನು ಬಿಟ್ಟರೆ, ಮೂರೂ ಹೆಸರು ಸರಿ, ಮೂರೂ ಆಧಾರ್ ಸರಿ, ಮೂರು ಪಾಲು ಕೂಡಿದರೆ ಮೂರನೇ ಕಾಲಂಗೆ ಆಣೆ ಬಿಡದೆ ಸಮ. ಎಲ್ಲ ಪರೀಕ್ಷೆಗಳಲ್ಲೂ ಹಸಿರು ಗುರುತು. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಮಗಳಿಗೂ ಮಗನಷ್ಟೇ ಹಕ್ಕಿದೆ ಎಂದಿರುವುದು ಆ ಪಟ್ಟಿಯೊಳಗೆ ಎಲ್ಲೂ ಬರೆದಿಲ್ಲ. ಆ ಹೆಸರುಗಳು ಬರಬೇಕಾದರೆ ಮುಟೇಶನ್ ನೋಟಿಸು ಓದಿದ ಊರಿನವರಲ್ಲಿ ಒಬ್ಬರು ಆ ಹೆಣ್ಣುಮಕ್ಕಳಿಗೆ ಫೋನ್ ಮಾಡಬೇಕು, ಅವರು ಗಡುವಿನೊಳಗೆ ಬಂದು ಆಕ್ಷೇಪಣೆ ಹಾಕಬೇಕು. ಆಗ ಅದು ತಕರಾರು ಪ್ರಕರಣವಾಗಿ ಕಂಪ್ಯೂಟರಿನಿಂದ ತಹಶೀಲ್ದಾರರ ಮೇಜಿಗೆ ಹೋಗುತ್ತದೆ. ಅಲ್ಲಿನ ಆದೇಶ ಒಪ್ಪದವರು ಭೂಕಂದಾಯ ಕಾಯ್ದೆಯ 136(2)ರಡಿ ಮೇಲ್ಮನವಿ ಹಾಕಲು ಈ ನಾಲ್ಕು ತಾಲ್ಲೂಕಿನವರೂ ಮಧುಗಿರಿಯ ಉಪವಿಭಾಗಾಧಿಕಾರಿ ಕಚೇರಿಗೇ ಬರಬೇಕು.